ಅಲಾಸ್ಕದ ಹಡಗಿನ ಟಿವಿಯಲ್ಲಿ ಹಾಸನದ ಮದುವೆ

ಹಡಗಿನ ಟಿಕೆಟ್ ಮೊದಲು ಆಯಿತು, ಮದುವೆಯ ದಿನ ಆಮೇಲೆ ಗೊತ್ತಾಯಿತು. ಅಪ್ಪ ಅಮ್ಮ ಹಾಸನದಿಂದ ಸಿಯಾಟಲ್‌ನ ನಮ್ಮ ಮನೆಗೆ ಬಂದಿದ್ದರು. ಅವರನ್ನು ಅಲಾಸ್ಕ ಕ್ರೂಸ್‌ಗೆ ಕರೆದುಕೊಂಡು ಹೋಗೋಣ ಅಂತ ಜೂನ್ ತಿಂಗಳಿಗೆ ಬುಕ್ ಮಾಡಿದ್ದೆವು. ಪೂರ್ತಿ ದುಡ್ಡು ಕಟ್ಟಿದ ಮೇಲೆ ಊರಿಂದ ಸೋದರಮಾವನ ಫೋನ್ ಬಂತು. ಮಗಳ ಮದುವೆಗೆ ಮುಹೂರ್ತ ಸಿಕ್ಕಿದೆ, ಭಾನುವಾರ ಬೆಳಿಗ್ಗೆ 10:30ಕ್ಕೆ ಸಿಂಹ ಲಗ್ನದಲ್ಲಿ ಧಾರೆ. ಅದೇ ವಾರ ನಾವು ಸಮುದ್ರದ ಮೇಲೆ.

ಅಮ್ಮ ಬೇಸರ ತೋರಿಸಿಕೊಳ್ಳಲಿಲ್ಲ. “ಇರ್ಲಿ ಬಿಡೋ, ಲೈವ್ ಹಾಕಿಸ್ತಾರಂತಲ್ಲ, ಫೋನಲ್ಲೇ ನೋಡ್ತೀನಿ” ಅಂದಳು. ಆದರೆ ಆ ಹುಡುಗಿಯನ್ನು ಎತ್ತಿ ಆಡಿಸಿದವಳು ಅಮ್ಮ. ಶಾಲೆಗೆ ಜಡೆ ಹಾಕಿ ಕಳಿಸಿದವಳು. ಅವಳಿಗೆ ಈಗ ಫೋನಿನ ಪರದೆ ಸರಿಯಾಗಿ ಕಾಣುವುದಿಲ್ಲ, ಮುಖಗಳು ಗುರುತು ಸಿಗುವುದಿಲ್ಲ. ತಾಳಿ ಕಟ್ಟುವ ಹೊತ್ತಿನಲ್ಲಿ ಅವಳು ಕಣ್ಣು ಕಿರಿದು ಮಾಡಿಕೊಂಡು “ಯಾರೋ ಅದು, ನಮ್ಮ ತಮ್ಮನೇನೋ?” ಅಂತ ಕೇಳುತ್ತಾ ಕೂರುವುದು ನನಗೆ ಬೇಡವಾಗಿತ್ತು. ಕ್ಯಾಬಿನ್‌ನಲ್ಲಿ ಟಿವಿ ಇದ್ದೇ ಇರುತ್ತದೆ. ಅದರಲ್ಲೇ ತೋರಿಸಬೇಕು ಅಂದುಕೊಂಡೆ.

ಮೊದಲು ಸಮಯದ ಲೆಕ್ಕ. ಬೇಸಿಗೆಯಲ್ಲಿ ಅಲಾಸ್ಕದ ಗಡಿಯಾರ ನಮ್ಮೂರಿಗಿಂತ ಹದಿಮೂರೂವರೆ ಗಂಟೆ ಹಿಂದೆ. ಭಾನುವಾರ ಬೆಳಿಗ್ಗೆ 10:30 ಅಂದರೆ ನಮಗೆ ಶನಿವಾರ ರಾತ್ರಿ 9. ಆ ದಿನ ಹಡಗು ಸ್ಕಾಗ್ವೇ ಊರಿನಲ್ಲಿ ನಿಂತು ರಾತ್ರಿ ಎಂಟಕ್ಕೆ ಹೊರಡುತ್ತದೆ ಅಂತ ವೇಳಾಪಟ್ಟಿಯಲ್ಲಿತ್ತು. ಅಂದರೆ ದಡದ ಮೊಬೈಲ್ ಸಿಗ್ನಲ್ ಕೈಬಿಟ್ಟ ಮೇಲೆ ಧಾರೆ. ಹಡಗಿನ ಇಂಟರ್ನೆಟ್ಟೇ ಗತಿ.

ಮನೆಯಲ್ಲಿ ನಾವು ಟಿವಿಯ ಹಿಂದೆ ಸ್ಟ್ರೀಮಿಂಗ್ ಸ್ಟಿಕ್, ಅಂದರೆ ವೈಫೈಯಿಂದ ಟಿವಿಗೆ ವಿಡಿಯೊ ತರುವ ಪುಟ್ಟ ಸಾಧನ, ಹಾಕಿಕೊಂಡಿದ್ದೇವೆ. ಅದನ್ನೇ ಕಿತ್ತುಕೊಂಡು ಹೋದರೆ ಆಯ್ತಲ್ಲ ಅಂತ ನನ್ನ ಹೆಂಡತಿ ಕೇಳಿದಳು. ಯಾರಿಗಾದರೂ ಮೊದಲು ಬರುವ ಯೋಚನೆ ಅದೇ. ಆದರೆ ಹಡಗಿನಲ್ಲಿ ಅದನ್ನು ನಂಬುವ ಹಾಗಿಲ್ಲ. ಹಡಗಿನ ವೈಫೈಗೆ ಸೇರಬೇಕಾದರೆ ಒಂದು ಲಾಗಿನ್ ಪುಟ ತೆರೆದು ಕ್ಯಾಬಿನ್ ನಂಬರ್, ಹುಟ್ಟಿದ ದಿನ ಇಂಥದ್ದೆಲ್ಲ ತುಂಬಬೇಕು. ಕೆಲವು ಸ್ಟಿಕ್‌ಗಳಲ್ಲಿ ಆ ಪುಟ ತೆರೆಯುವುದೇ ಇಲ್ಲ. ತೆರೆದರೂ ಅದು ಇನ್ನೊಂದು ಡಿವೈಸ್ ಅಂತ ಲೆಕ್ಕಕ್ಕೆ ಬರುತ್ತದೆ, ಪ್ಯಾಕೇಜಿನ ದುಡ್ಡು ಅಷ್ಟು ಜಾಸ್ತಿ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಸಾವಿರಾರು ಜನ ಒಂದೇ ವೈಫೈ ಬಳಸುವುದರಿಂದ ಒಬ್ಬರ ಫೋನಿಗೆ ಇನ್ನೊಬ್ಬರ ಡಿವೈಸ್ ಕಾಣದ ಹಾಗೆ ಸಾಮಾನ್ಯವಾಗಿ ಬೇರೆ ಮಾಡಿಟ್ಟಿರುತ್ತಾರೆ. ಸುರಕ್ಷತೆಗೆ ಅದು ಬೇಕು. ಆದರೆ ಫೋನಿಂದ ಟಿವಿಗೆ ಕಾಸ್ಟ್ ಮಾಡಬೇಕಾದರೆ, ಅಂದರೆ ವೈರಿಲ್ಲದೆ ಚಿತ್ರ ಕಳಿಸಬೇಕಾದರೆ, ಎರಡೂ ಒಂದನ್ನೊಂದು ನೋಡಲೇಬೇಕು. ಅಲ್ಲಿಗೆ ದಾರಿ ಮುಚ್ಚಿತು. ಸ್ವಂತ ರೂಟರ್ ಒಯ್ದು ನಮ್ಮದೇ ವೈಫೈ ಮಾಡಿಕೊಳ್ಳಬಹುದಿತ್ತು, ಆದರೆ ಬಹಳ ಕ್ರೂಸ್ ಕಂಪನಿಗಳು ರೂಟರ್ ತರಬೇಡಿ ಅಂತ ಪಟ್ಟಿಯಲ್ಲೇ ಬರೆದಿವೆ. ನಮ್ಮ ಕಂಪನಿಯ ಪಟ್ಟಿಯಲ್ಲೂ ಇತ್ತು.

ಹಾಗಾಗಿ ವೈರೇ ಸರಿ ಅಂತ ತೀರ್ಮಾನಕ್ಕೆ ಬಂದೆ. ಫೋನಿಂದ ಟಿವಿಗೆ ನೇರ ಎಚ್‌ಡಿಎಂಐ ಕೇಬಲ್. ಇಂಟರ್ನೆಟ್ ಬರುವುದು ಫೋನಿಗೆ ಮಾತ್ರ, ಟಿವಿಗೆ ಸುಮ್ನೆ ಚಿತ್ರ ಮತ್ತು ಶಬ್ದ ಹೋಗುತ್ತದೆ. ಟಿವಿ ಯಾವ ನೆಟ್‌ವರ್ಕ್‌ಗೂ ಸೇರುವ ಅಗತ್ಯವಿಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಅಂಗಡಿಯವರು ಇದನ್ನು ಹೇಳುವುದಿಲ್ಲ. ಯುಎಸ್‌ಬಿ-ಸಿ ತೂತು ಇರುವ ಫೋನುಗಳೆಲ್ಲ ಟಿವಿಗೆ ಚಿತ್ರ ಕಳಿಸುವುದಿಲ್ಲ. ಹೊರಗಿಂದ ನೋಡಿದರೆ ಎಲ್ಲವೂ ಒಂದೇ ಥರ. ಒಳಗೆ ಡಿಸ್‌ಪ್ಲೇಪೋರ್ಟ್ ಅನ್ನುವ ಚಿತ್ರದ ಸಿಗ್ನಲ್ ಕಳಿಸುವ ಸೌಲಭ್ಯ ಇದ್ದರೆ ಮಾತ್ರ ಅಡಾಪ್ಟರ್ ಕೆಲಸ ಮಾಡುತ್ತದೆ. ಐಫೋನ್ 15ರಲ್ಲಿ ಅದಿದೆ. ಅದಕ್ಕಿಂತ ಹಳೆಯ ಐಫೋನ್‌ಗಳ ತೂತೇ ಬೇರೆ, ಅವಕ್ಕೆ ಲೈಟ್ನಿಂಗ್ ಅನ್ನುವ ಬಗೆಯ ಅಡಾಪ್ಟರ್ ಬೇಕು. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್ ಸಾಲಿನ ಫೋನುಗಳಲ್ಲಿ ಆಗುತ್ತದೆ. ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನುಗಳಲ್ಲಿ ಹೆಚ್ಚಿನವು ಚಾರ್ಜ್ ಆಗುತ್ತವೆ, ಫೈಲ್ ಕಳಿಸುತ್ತವೆ, ಅಷ್ಟೇ. ಅಪ್ಪನ ಫೋನ್ ಈ ಗುಂಪಿನದು. ಮನೆಯ ಟಿವಿಗೆ ಹಾಕಿ ನೋಡಿದಾಗ ಪರದೆ ಕಪ್ಪಾಗಿಯೇ ಉಳಿಯಿತು. ನನ್ನ ಐಫೋನ್ 15 ಹಾಕಿದ ಕೂಡಲೇ ಚಿತ್ರ ಬಂತು. ಇದನ್ನು ಮನೆಯಲ್ಲೇ ನೋಡಿಕೊಳ್ಳಬೇಕು. ಹಡಗು ಹತ್ತಿದ ಮೇಲೆ ಅಡಾಪ್ಟರ್ ಹುಡುಕಿಕೊಂಡು ಎಲ್ಲಿಗೆ ಹೋಗೋದು?

ಅಡಾಪ್ಟರ್ ಆರಿಸುವಾಗ ಇನ್ನೊಂದು ಗಮನಿಸಿದೆ. ಫೋನಿಗಿರುವುದು ಒಂದೇ ತೂತು. ಅದಕ್ಕೆ ಅಡಾಪ್ಟರ್ ಸಿಕ್ಕಿಸಿದರೆ ಚಾರ್ಜರ್ ಎಲ್ಲಿ? ಮದುವೆಯ ಲೈವ್ ಅಂದರೆ ಗಂಟೆಗಟ್ಟಲೆ ನಡೆಯುತ್ತದೆ, ವೈಫೈ, ವಿಡಿಯೊ ಎರಡೂ ಬ್ಯಾಟರಿ ಹೀರುತ್ತವೆ. ಹಾಗಾಗಿ ಪಕ್ಕದಲ್ಲಿ ಚಾರ್ಜಿಂಗ್‌ಗೂ ಒಂದು ತೂತು ಇರುವ ಅಡಾಪ್ಟರನ್ನೇ ತಗೊಂಡೆ. ಕೇಬಲ್ ಉದ್ದದ್ದೇ ಇರಲಿ ಅಂತ ಮೂರು ಮೀಟರಿನದು.

ಪ್ಲಗ್ ಪಾಯಿಂಟ್ ಸಾಲದೆ ಹೋದರೆ ಅಂತ ಅಪ್ಪ ಒಂದು ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ತಟ್ಟನೆ ಏರಿದರೆ ಸಾಮಾನು ಕಾಯುವ ಭಾಗ) ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಕೂಡ ತೆಗೆದಿಟ್ಟಿದ್ದರು. ಅದನ್ನು ಪೆಟ್ಟಿಗೆಯಿಂದ ತೆಗೆಸಿದೆ. ಹಡಗಿನಲ್ಲಿ ಅದಕ್ಕೆ ಅನುಮತಿ ಇಲ್ಲ, ಬ್ಯಾಗ್ ಸ್ಕ್ಯಾನ್ ಮಾಡುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಅಪ್ಪ ವಿದ್ಯುತ್ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. “ಯಾಕಂತೆ?” ಅಂತ ಕೇಳಿದರು. ಕಾರಣ ಓದಿ ಹೇಳಿದಾಗ ಅವರಿಗೆ ತುಂಬಾ ಆಸಕ್ತಿ ಬಂತು. ನೆಲದ ಮೇಲೆ ನಮ್ಮ ಮನೆಗಳ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ, ಎಲ್ಲೋ ಒಂದು ಕಡೆ ಭೂಮಿಗೆ ಸೇರಿರುತ್ತದೆ. ಹಡಗಿನ ವಿದ್ಯುತ್ ಜಾಲವನ್ನು ಸಾಮಾನ್ಯವಾಗಿ ಹಡಗಿನ ಉಕ್ಕಿನ ಮೈಗೆ ಸೇರಿಸದೆ ಬೇರೆಯಾಗಿ ಇಟ್ಟಿರುತ್ತಾರೆ. ಎಲ್ಲೋ ಒಂದು ತಂತಿ ಉಕ್ಕಿಗೆ ತಾಗಿದರೂ ಮುಖ್ಯ ಯಂತ್ರಗಳು ತಟ್ಟನೆ ನಿಲ್ಲಬಾರದು ಅನ್ನುವುದಕ್ಕೆ ಈ ಏರ್ಪಾಡು. ಅಂಥ ಜಾಲದಲ್ಲಿ ಪ್ಲಗ್ಗಿನ ಎರಡೂ ತಂತಿಯಲ್ಲಿ ವೋಲ್ಟೇಜ್ ಇರಬಹುದು. ಮನೆಗಾಗಿ ಮಾಡಿದ ಸರ್ಜ್ ಪ್ರೊಟೆಕ್ಟರ್‌ನ ಭಾಗಗಳು ಅಲ್ಲಿ ಬಿಸಿಯಾಗಿ ಬೆಂಕಿ ಹತ್ತುವ ಅಪಾಯ ಇದೆ. ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲಿ ಈ ಬಗ್ಗೆ ಎಚ್ಚರಿಕೆಯನ್ನೇ ಕೊಟ್ಟಿತ್ತು. “ಸರಿಯಾದ ಮಾತು” ಅಂತ ಅಪ್ಪ ಬೋರ್ಡನ್ನು ಅವರೇ ಒಳಗಿಟ್ಟು ಬಂದರು. ಅದರ ಬದಲು ನಾಲ್ಕು ಯುಎಸ್‌ಬಿ ತೂತಿರುವ ಸಾದಾ ಚಾರ್ಜರ್ ಒಯ್ದೆವು. ಅದಕ್ಕೆ ಯಾರೂ ಏನೂ ಅನ್ನಲಿಲ್ಲ.

ಸಿಯಾಟಲ್‌ನ ಪಿಯರ್ 91ರಲ್ಲಿ ಹಡಗು ಹತ್ತಿದೆವು. ಕ್ಯಾಬಿನ್ ಚಿಕ್ಕದು, ಚೊಕ್ಕಟ. ಟಿವಿ ಗೋಡೆಗೆ ಬಿಗಿದಿತ್ತು, ಮಂಚದ ಕಾಲಿನ ಕಡೆ. ಆನ್ ಮಾಡಿದರೆ ಹಡಗಿನದೇ ಮೆನು ಬಂತು. ನಮ್ಮ ಖಾತೆಯ ಬಿಲ್ಲು, ಊಟದ ವೇಳೆ, ಹಡಗಿನ ಮುಂದಿನ ಕ್ಯಾಮೆರಾದ ಚಿತ್ರ, ಜೊತೆಗೆ ಲೈಫ್ ಜಾಕೆಟ್ ಹಾಕಿಕೊಳ್ಳುವುದು ಹೇಗೆ ಎಂಬ ಸುರಕ್ಷತೆಯ ವಿಡಿಯೊ. ಆ ವಿಡಿಯೊವನ್ನು ಎಲ್ಲರೂ ಕೂತು ನೋಡಿದೆವು, ನೋಡಲೇಬೇಕು. ಆಮೇಲೆ ನಾನು ಟಿವಿಯ ಅಂಚಿನ ಮೇಲೆ ಬೆರಳಾಡಿಸಿ ಹುಡುಕಿದೆ. ಬಲಬದಿಯಲ್ಲಿ ಎಚ್‌ಡಿಎಂಐ ತೂತು ಸಿಕ್ಕಿತು. ಕೇಬಲ್ ಹಾಕಿದೆ, ಫೋನ್ ಸಿಕ್ಕಿಸಿದೆ. ಟಿವಿ ಹಡಗಿನ ಮೆನುವಿನಲ್ಲೇ ನಿಂತಿತು. ರಿಮೋಟ್ ನೋಡಿದರೆ ಇನ್‌ಪುಟ್ ಬದಲಿಸುವ ಗುಂಡಿಯೇ ಇಲ್ಲ.

ಇವು ಹೋಟೆಲ್‌ಗಳಿಗಾಗಿ ಮಾಡಿದ ಟಿವಿಗಳು. ಅವುಗಳಲ್ಲಿ ಹೋಟೆಲ್ ಮೋಡ್ ಅಂತ ಒಂದು ವ್ಯವಸ್ಥೆ ಇರುತ್ತದೆ. ಅದನ್ನು ಹಾಕಿದರೆ ಇನ್‌ಪುಟ್ ಬದಲಿಸುವುದು, ಸೆಟ್ಟಿಂಗ್ಸ್‌ಗೆ ಹೋಗುವುದು, ಒಂದು ಮಿತಿಗಿಂತ ಜೋರು ಶಬ್ದ ಇಡುವುದು ಇವನ್ನೆಲ್ಲ ತಡೆಯಬಹುದು. ಕೆಲವು ಹಡಗುಗಳಲ್ಲಿ ಕೇಬಲ್ ಹಾಕಿದ ತಕ್ಷಣ ಟಿವಿ ತಾನೇ ಗುರುತಿಸಿ ಬದಲಾಗುತ್ತದೆ ಅಂತ ಹಿಂದೆ ಹೋಗಿ ಬಂದ ಸ್ನೇಹಿತರು ಹೇಳಿದ್ದರು. ನಮ್ಮದರಲ್ಲಿ ಹಾಗಾಗಲಿಲ್ಲ. ಈ ಬೀಗ ತೆಗೆಯುವ ಗುಟ್ಟಿನ ಕೋಡ್‌ಗಳನ್ನು ಹಂಚಿಕೊಳ್ಳುವವರು ಇದ್ದಾರೆ. ಟಿವಿಯ ಹಿಂದಿನ ವೈರನ್ನು ಕಿತ್ತು ನೋಡುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಆ ಟಿವಿ ಬರೀ ಮನರಂಜನೆಗೆ ಇಟ್ಟದ್ದಲ್ಲ, ಸುರಕ್ಷತೆಯ ಮಾಹಿತಿಯೂ ಅದರಲ್ಲೇ ಬರುತ್ತದೆ. ನಾವು ಕೆಡಿಸಿಟ್ಟು ಇಳಿದರೆ ಮುಂದೆ ಬರುವವರಿಗೆ ತೊಂದರೆ. ಕೇಳಿದರೆ ಆಗುವ ಕೆಲಸಕ್ಕೆ ಕದ್ದು ಮಾಡುವ ದಾರಿ ಯಾಕೆ?

ಕ್ಯಾಬಿನ್ ನೋಡಿಕೊಳ್ಳುವ ಹುಡುಗ ಬಂದಾಗ ವಿಷಯ ಹೇಳಿದೆ. ಇಂಡೊನೇಷ್ಯಾದವನು, ಬಹಳ ಒಳ್ಳೆಯ ಸ್ವಭಾವ. “ನನ್ನ ಕೈಲಾಗೋದಿಲ್ಲ, ಗೆಸ್ಟ್ ಸರ್ವಿಸಸ್‌ಗೆ ಫೋನ್ ಮಾಡಿ, ಯಾಕೆ ಬೇಕು ಅಂತಲೂ ಹೇಳಿ” ಅಂದ. ಆ ಕೊನೆಯ ಮಾತು ನನಗೆ ಬಹಳ ಉಪಯೋಗಕ್ಕೆ ಬಂತು. ಟಿವಿಗೆ ಫೋನ್ ಹಾಕಬೇಕು ಅಂತ ಮಾತ್ರ ಹೇಳಿದಾಗ ಆ ಕಡೆಯ ಹೆಣ್ಣುಮಗಳು ಸಾಧ್ಯವಿಲ್ಲ ಅನ್ನುವುದರಲ್ಲಿದ್ದರು. ನಮ್ಮಮ್ಮನ ತಮ್ಮನ ಮಗಳ ಮದುವೆ ಇಂಡಿಯಾದಲ್ಲಿ, ಅಮ್ಮನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಶನಿವಾರ ರಾತ್ರಿ ಒಂದು ಹೊತ್ತು ಸಾಕು ಅಂತ ವಿವರಿಸಿದೆ. ಟೆಕ್ನಿಷಿಯನ್‌ನ ಕಳಿಸುತ್ತೇನೆ ಅಂದರು.

ಮಾರನೆಯ ದಿನ ಹಡಗು ಎಲ್ಲೂ ನಿಲ್ಲದೆ ಉತ್ತರಕ್ಕೆ ಹೋಗುತ್ತಿತ್ತು. ಮಧ್ಯಾಹ್ನ ಟೆಕ್ನಿಷಿಯನ್ ಬಂದರು. ಅವರ ಕೈಯಲ್ಲಿ ಎಲ್ಲ ಗುಂಡಿಗಳೂ ಇರುವ ಬೇರೆ ರಿಮೋಟ್. ಎರಡೇ ನಿಮಿಷದ ಕೆಲಸ. ಇನ್‌ಪುಟ್ ಪಟ್ಟಿ ತೆರೆದು ಎಚ್‌ಡಿಎಂಐ 2 ಆರಿಸಿದರು. ನನ್ನ ಫೋನಿನ ಪರದೆ ಟಿವಿಯಲ್ಲಿ ಬಂತು. ಅಮ್ಮ ಮಂಚದ ಮೇಲೆ ಎದ್ದು ಕೂತಳು. ಟಿವಿ ಆಫ್ ಮಾಡಿ ಆನ್ ಮಾಡಿದರೆ ಅದು ಮತ್ತೆ ಹಡಗಿನ ಮೆನುವಿಗೇ ಹೋಗುತ್ತದೆ ಅಂತ ಅವರು ಮೊದಲೇ ಎಚ್ಚರಿಸಿದರು. ಹಾಗಾದಾಗ ಏನು ಮಾಡಬೇಕು ಅಂತಲೂ ತೋರಿಸಿಕೊಟ್ಟರು. ಟಿವಿಯ ಕೆಳಗಿನ ಅಂಚಿನ ನಡುವೆ ಬೆರಳಿಗೆ ಸಿಗುವ ಒಂದು ಪುಟ್ಟ ಗುಂಡಿ ಇತ್ತು. ನಮ್ಮ ಕ್ಯಾಬಿನ್‌ನಲ್ಲಿ ಅದರ ಬೀಗ ತೆಗೆದು, ಒತ್ತಿ ಪಕ್ಕಕ್ಕೆ ಸರಿಸಿದರೆ ಇನ್‌ಪುಟ್ ಬದಲಾಗುವ ಹಾಗೆ ಮಾಡಿದರು. ಕೆಲಸ ಮುಗಿದ ಮೇಲೆ ಮೊದಲಿನ ಹಾಗೇ ಬಿಡಿ ಅಂತ ಕೇಳಿಕೊಂಡು ಹೋದರು. ಅವರ ಹೆಸರು ಬರೆದು ಗೆಸ್ಟ್ ಸರ್ವಿಸಸ್‌ಗೆ ಮೆಚ್ಚುಗೆಯ ಚೀಟಿ ಕೊಟ್ಟೆ. ಅಲ್ಲಿ ಕೆಲಸ ಮಾಡುವವರಿಗೆ ಅಂಥ ಚೀಟಿಯಿಂದ ಒಳ್ಳೆಯದಾಗುತ್ತದೆ.

ಅವತ್ತೇ ಪೂರ್ತಿ ತಾಲೀಮು ಮಾಡಿದೆವು. ಫೋನಿನಲ್ಲಿದ್ದ ನಿಶ್ಚಿತಾರ್ಥದ ವಿಡಿಯೊ ಹಾಕಿದೆ, ಚಿತ್ರ, ಶಬ್ದ ಎರಡೂ ಚೆನ್ನಾಗಿ ಬಂದವು. ಒಂದು ಒಟಿಟಿ ಆ್ಯಪ್‌ನಿಂದ ಇಳಿಸಿಕೊಂಡಿದ್ದ ಸಿನಿಮಾ ಹಾಕಿದರೆ ಮಾತ್ರ ಪರದೆ ಕಪ್ಪು. ಅದಕ್ಕೆ ಕಾರಣ ಎಚ್‌ಡಿಸಿಪಿ ಅನ್ನುವ ಕಾಪಿ ತಡೆ. ಫೋನು, ಅಡಾಪ್ಟರ್, ಟಿವಿ ಮೂರೂ ಅದಕ್ಕೆ ಒಪ್ಪಬೇಕು, ಒಂದು ಒಪ್ಪದಿದ್ದರೂ ಚಿತ್ರ ಬರುವುದಿಲ್ಲ. ನಮ್ಮದೇ ವಿಡಿಯೊ, ಫೋಟೊಗಳಿಗೆ ಈ ತಡೆ ಇಲ್ಲ. ಯೂಟ್ಯೂಬಿನ ಲೈವ್ ಹೇಗೆ ಅಂತ ನೋಡಲು ದೇವಸ್ಥಾನವೊಂದರ ನೇರ ಪ್ರಸಾರ ಹಾಕಿದೆ. ಬಂತು. ಮನಸ್ಸು ಹಗುರಾಯಿತು.

ಕೇಬಲ್ ಬಾಗಿಲ ದಾರಿಗೆ ಅಡ್ಡ ಬರುತ್ತಿತ್ತು. ರಾತ್ರಿ ಅಪ್ಪ ಎದ್ದು ಹೋಗುವಾಗ ಕಾಲಿಗೆ ಸಿಕ್ಕಬಾರದಲ್ಲ. ಹಡಗಿನ ಕ್ಯಾಬಿನ್ ಗೋಡೆಗಳು ಒಳಗೆ ಲೋಹದ ಹಾಳೆ ಇರುವಂಥವು, ಆಯಸ್ಕಾಂತ ಅಂಟಿಕೊಳ್ಳುತ್ತದೆ. ಹೆಂಡತಿ ಟೋಪಿ ನೇತುಹಾಕಲು ತಂದಿದ್ದ ಆಯಸ್ಕಾಂತದ ಕೊಕ್ಕೆಗಳನ್ನು ಗೋಡೆಗೆ ಹಚ್ಚಿ ಕೇಬಲನ್ನು ಮೇಲಿಂದ ತಂದೆವು. ಅದೇ ಲೋಹದಿಂದಾಗಿ ವೈಫೈ ಮಾತ್ರ ಕ್ಯಾಬಿನ್ನಿನ ಒಳಮೂಲೆಯಲ್ಲಿ ಸೊರಗುತ್ತದೆ. ಬಾಗಿಲಿನ ಹತ್ತಿರ ಸಿಗ್ನಲ್ ಜಾಸ್ತಿ ಇತ್ತು. ಮೂರು ಮೀಟರಿನ ಕೇಬಲ್ ತಂದಿದ್ದಕ್ಕೆ ಫೋನನ್ನು ಬಾಗಿಲ ಪಕ್ಕದ ಹಲಗೆಯ ಮೇಲೇ ಇಡಲು ಆಯಿತು.

ಇಂಟರ್ನೆಟ್ ಪ್ಯಾಕೇಜ್ ಎರಡು ಬಗೆಯದಿತ್ತು. ಕಡಿಮೆ ದುಡ್ಡಿನದರಲ್ಲಿ ಮೆಸೇಜು, ಇಮೇಲು, ಅಷ್ಟೇ. ವಿಡಿಯೊ ನೋಡಬೇಕಾದರೆ ಜಾಸ್ತಿ ದುಡ್ಡಿನದು. ಎರಡು ಡಿವೈಸ್‌ಗೆ ಅದನ್ನೇ ಕೊಂಡೆವು. ಮೊದಲೆಲ್ಲ ಹಡಗುಗಳ ಇಂಟರ್ನೆಟ್ ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿರುವ ಉಪಗ್ರಹಗಳಿಂದ ಬರುತ್ತಿತ್ತು. ಅಲಾಸ್ಕದಿಂದ ನೋಡಿದರೆ ಅವು ದಕ್ಷಿಣದ ದಿಗಂತದ ಕಡೆಗೆ ಬಾಗಿರುತ್ತವೆ, ಬೆಟ್ಟ ಅಡ್ಡ ಬಂದರೆ ಮುಗೀತು. ಸ್ಟಾರ್‌ಲಿಂಕ್ ಅನ್ನುವ ಇಂಟರ್ನೆಟ್ ಸೇವೆಯ ಉಪಗ್ರಹಗಳು ಕೆಲವೇ ನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುತ್ತವೆ, ಒಂದು ಮರೆಯಾದರೆ ಇನ್ನೊಂದು ಸಿಗುತ್ತದೆ. ನಮ್ಮ ಹಡಗಿನಲ್ಲಿ ಇದ್ದದ್ದು ಸ್ಟಾರ್‌ಲಿಂಕ್. ಆದರೂ ನನಗೆ ಒಳಗೊಳಗೇ ಅಳುಕು. ಯಾಕೆಂದರೆ ಸ್ಕಾಗ್ವೇ ಬಿಟ್ಟ ಮೇಲೆ ಹಡಗು ಸಾಗುವುದು ಲಿನ್ ಕೆನಾಲ್‌ನಲ್ಲಿ. ಸುಮಾರು 140 ಕಿಲೋಮೀಟರ್ ಉದ್ದದ ಕಡಲ ಕಣಿವೆ ಅದು, ಎರಡೂ ಕಡೆ ಹಿಮ ಹೊತ್ತ ಬೆಟ್ಟಗಳ ಗೋಡೆ.

ಶನಿವಾರ ಬಂತು. ಸಂಜೆ ಬೇಗ ಊಟ ಮುಗಿಸಿದೆವು. ಅಮ್ಮ ರೇಷ್ಮೆ ಸೀರೆ ಉಟ್ಟಳು. ಅಪ್ಪ ಪಂಚೆ, ಶಲ್ಯ ತಂದಿದ್ದರು, ನನಗೆ ಗೊತ್ತೇ ಇರಲಿಲ್ಲ. ಮನೆಯಿಂದ ಬರುವಾಗಲೇ ಅಮ್ಮ ಪುಟ್ಟ ಡಬ್ಬಿಯಲ್ಲಿ ಅಕ್ಷತೆ ಕಲಸಿಕೊಂಡು ಬಂದಿದ್ದಳಂತೆ. ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತಕ್ಕೂ ಹಗಲಿನ ಬೆಳಕು. ಪರದೆ ಎಳೆದು ಕ್ಯಾಬಿನ್ ಕತ್ತಲು ಮಾಡಿದೆವು. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ವೈಫೈ ಮಾತ್ರ ಆನ್ ಇಟ್ಟೆ. ಪರದೆ ತಾನಾಗಿ ಆರಿಹೋಗುವ ಸೆಟ್ಟಿಂಗ್ ತೆಗೆದೆ. ನೋಟಿಫಿಕೇಷನ್ ಎಲ್ಲ ನಿಲ್ಲಿಸಿದೆ. ಮದುವೆ ಮನೆಯ ವಾಟ್ಸ್ಆ್ಯಪ್ ಗ್ರೂಪ್‌ನ ಮೆಸೇಜುಗಳು ವಧುವಿನ ಮುಖದ ಮೇಲೆ ಬಂದು ಕೂರಬಾರದು.

ಎಂಟೂವರೆಗೆ ಲಿಂಕ್ ತೆರೆದೆ. ಛತ್ರದ ವೇದಿಕೆ ಟಿವಿಯ ತುಂಬ ಬಂತು. ಓಲಗದ ಶಬ್ದಕ್ಕೆ ಕ್ಯಾಬಿನ್ ತುಂಬಿಹೋಯಿತು. ಪಕ್ಕದ ಕ್ಯಾಬಿನ್‌ನವರಿಗೆ ತೊಂದರೆ ಆಗಬಾರದು ಅಂತ ಸ್ವಲ್ಪ ಕಡಿಮೆ ಮಾಡಿದರೆ ಅಮ್ಮ, “ಒಂಚೂರು ಜೋರಿಡೋ, ಮಂತ್ರ ಕೇಳಲಿ” ಅಂದಳು. ಅವರ ಬಾಗಿಲು ತಟ್ಟಿ ಮದುವೆ ವಿಷಯ ಹೇಳಿ ಬಂದೆ. ವಯಸ್ಸಾದ ಅಮೆರಿಕನ್ ದಂಪತಿ, ಸಂತೋಷದಿಂದ ಒಪ್ಪಿಕೊಂಡರು.

ಅಮ್ಮ ಒಬ್ಬೊಬ್ಬರನ್ನೇ ಗುರುತು ಹಿಡಿಯುತ್ತಿದ್ದಳು. “ನೋಡೋ, ನಿಮ್ಮ ಮಾವ ಎಷ್ಟು ಇಳಿದುಹೋಗಿದ್ದಾನೆ. ಆ ಹಸಿರು ಸೀರೆಯವಳು ಅರಕಲಗೂಡಿನ ಅತ್ತೆ ಅಲ್ವಾ?” ಫೋನಿನಲ್ಲಿ ನೋಡಿದ್ದರೆ ಇಷ್ಟು ಮಾತು ಬರುತ್ತಿರಲಿಲ್ಲ. ಮದುವೆಗೆ ಹೋಗುವುದು ಅಂದರೆ ಅರ್ಧ ಭಾಗ ಯಾರು ಯಾರು ಬಂದಿದ್ದಾರೆ ಅಂತ ನೋಡುವುದೇ ತಾನೇ.

ಅಂತರಪಟ ಹಿಡಿದರು. ಸರಿಯಾಗಿ ಆಗಲೇ ಚಿತ್ರ ನಿಂತುಹೋಯಿತು. ನಡುವೆ ಚಕ್ರ ಸುತ್ತತೊಡಗಿತು. ನಾವು ಲಿನ್ ಕೆನಾಲ್‌ನಲ್ಲಿದ್ದೆವು. ಅಮ್ಮ ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ. ಹೀಗಾದರೆ ಏನು ಮಾಡಬೇಕು ಅಂತ ಮೊದಲೇ ಯೋಚಿಸಿಟ್ಟುಕೊಂಡಿದ್ದೆ. ವಿಡಿಯೊದ ಗುಣಮಟ್ಟ 720ರಲ್ಲಿತ್ತು. ಅದಕ್ಕೆ ಸೆಕೆಂಡಿಗೆ 2.5 ಮೆಗಾಬಿಟ್ ಬೇಕು. 360ಕ್ಕೆ ಇಳಿಸಿದರೆ 0.7 ಸಾಕು. ಇಳಿಸಿದೆ. ಚಕ್ರ ಇನ್ನೂ ಸ್ವಲ್ಪ ಹೊತ್ತು ಸುತ್ತಿ ನಿಂತಿತು, ಚಿತ್ರ ಬಂತು. ಆದರೆ ಅದು ನೇರ ಪ್ರಸಾರದ ಈಗಿನ ಹೊತ್ತಿಗೆ ಜಿಗಿದಿತ್ತು, ಜೀರಿಗೆ ಬೆಲ್ಲ ಇಟ್ಟು ಆಗಿಹೋಗಿತ್ತು. ಲೈವ್ ನಡೆಯುವಾಗಲೂ ಬೆರಳಿಂದ ಹಿಂದಕ್ಕೆ ಎಳೆಯಬಹುದು. ಅಂತರಪಟದ ತನಕ ಎಳೆದೆ. ಅಲ್ಲಿಂದ ಒಂದೂ ಬಿಡದೆ ನೋಡಿದೆವು.

ಹಾಗೆ ಹಿಂದೆ ಸರಿಸಿದ್ದರಿಂದ ನಾವು ಛತ್ರದವರಿಗಿಂತ ಕೆಲವು ನಿಮಿಷ ಹಿಂದಿದ್ದೆವು. ಇಲ್ಲಿ ಧಾರೆ ನೀರು ಬೀಳುತ್ತಿರುವಾಗಲೇ ಹೆಂಡತಿಯ ಫೋನಿಗೆ ಮಾವನ ವಿಡಿಯೊ ಕರೆ ಬಂತು. ಅಲ್ಲಿ ಆಗಲೇ ತಾಳಿ ಕಟ್ಟಿ ಆಗಿತ್ತು. ಅವಳು ತಟ್ಟನೆ ಫೋನ್ ಎತ್ತಿಕೊಂಡು ಕಾರಿಡಾರಿಗೆ ಹೋದಳು. “ಮಾವ, ಅತ್ತೆ ಇನ್ನೂ ನೋಡ್ತಾ ಇದ್ದಾರೆ, ಐದು ನಿಮಿಷ ಬಿಟ್ಟು ಮಾಡ್ತೀವಿ” ಅಂತ ಹೇಳಿ ಇಟ್ಟಳು. ಒಳಗೆ ಗಟ್ಟಿಮೇಳ ಶುರುವಾಯಿತು. ಅಮ್ಮ ಎದ್ದು ನಿಂತು ಟಿವಿಯ ಕಡೆಗೆ ಅಕ್ಷತೆ ಹಾಕಿದಳು, ಅಪ್ಪನೂ ಹಾಕಿದರು. ನಾನೂ ಹಾಕಿದೆ.

ಆಮೇಲೆ ಮಾವನಿಗೆ ಫೋನ್ ಮಾಡಿ ಅಕ್ಕ ತಮ್ಮ ಇಬ್ಬರೂ ಮಾತಾಡಿದರು. “ಅಕ್ಕಾ, ಹಡಗಲ್ಲಿ ಹೆಂಗೆ ನೋಡಿದೆ?” ಅಂತ ಮಾವ ಕೇಳಿದಾಗ ಅಮ್ಮ, “ನಿನಗಿಂತ ಚೆನ್ನಾಗಿ ನೋಡಿದೆ ಕಣೋ, ನೀನು ಹಿಂದೆ ನಿಂತಿದ್ದೆ” ಅಂದಳು. ಕಾರ್ಪೆಟ್ ಮೇಲೆ ಬಿದ್ದ ಅಕ್ಷತೆಯನ್ನು ಎಲ್ಲರೂ ಸೇರಿ ಆರಿಸಿದೆವು, ಕ್ಯಾಬಿನ್ ಹುಡುಗನಿಗೆ ಕೆಲಸ ಆಗಬಾರದು ಅಂತ.

ಮಾರನೆಯ ಬೆಳಿಗ್ಗೆ ಟಿವಿಯನ್ನು ಹಡಗಿನ ಮೆನುವಿಗೇ ಬಿಟ್ಟೆವು. ಅವತ್ತು ಗ್ಲೇಸಿಯರ್ ಬೇ, ಹಿಮನದಿಗಳಿರುವ ಕೊಲ್ಲಿ. ನ್ಯಾಷನಲ್ ಪಾರ್ಕ್‌ನ ರೇಂಜರ್‌ಗಳು ಹಡಗು ಹತ್ತಿ ವಿವರಣೆ ಕೊಡುತ್ತಾರೆ, ಅದು ಟಿವಿಯ ಒಂದು ಚಾನೆಲ್‌ನಲ್ಲೂ ಬರುತ್ತಿತ್ತು. ಹೊರಗಿನ ಚಳಿ ತಡೆಯದೆ ಅಪ್ಪ ಒಳಗೆ ಬಂದಾಗಲೆಲ್ಲ ಅದನ್ನೇ ಕೇಳುತ್ತಿದ್ದರು. ರಾತ್ರಿ ಮತ್ತೆ ಕೇಬಲ್ ಹಾಕಿ ಮಾರ್ಜರಿ ಹಿಮನದಿಯ ಫೋಟೊಗಳನ್ನು ದೊಡ್ಡದಾಗಿ ನೋಡಿದೆವು. ಇದಕ್ಕೆ ಇಂಟರ್ನೆಟ್ಟೇ ಬೇಡ. ಇಳಿಯುವ ಹಿಂದಿನ ರಾತ್ರಿ ಗೆಸ್ಟ್ ಸರ್ವಿಸಸ್‌ಗೆ ಹೇಳಿ ಟಿವಿಯ ಬೀಗವನ್ನು ಮೊದಲಿನಂತೆ ಹಾಕಿಸಿದೆ.

ಈಗ ನಮ್ಮ ಸ್ನೇಹಿತರೊಬ್ಬರು ಅಪ್ಪ ಅಮ್ಮನನ್ನು ಕರೆದುಕೊಂಡು ಸಿಂಗಪುರದಿಂದ ಕ್ರೂಸ್‌ಗೆ ಹೊರಟಿದ್ದಾರೆ. ಅಡಾಪ್ಟರ್, ಕೇಬಲ್, ಆಯಸ್ಕಾಂತದ ಕೊಕ್ಕೆ ಎಲ್ಲ ಒಂದು ಚೀಲದಲ್ಲಿ ಹಾಕಿ ಕೊಟ್ಟೆ. ಕೊಡುವ ಮೊದಲು ಅವರ ಫೋನನ್ನು ನಮ್ಮ ಟಿವಿಗೆ ಸಿಕ್ಕಿಸಿ ನೋಡಿದೆವು. ಚಿತ್ರ ಬರಲಿಲ್ಲ. ಅವರ ಹೆಂಡತಿಯ ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ ತೂತು ಇದೆ, ಅದನ್ನೇ ಒಯ್ಯುತ್ತಿದ್ದಾರೆ.